ಕಿಮ್ಚಿ ಜೊತೆ ದಿನಾ ಏನು ಅಡುಗೆ? ಸುವೊನ್‌ಗೆ ಬರುತ್ತಿರುವ ಹುಡುಗನಿಗೆ

ಓದೋಕೆ ಅಂತ ಮುಂದಿನ ತಿಂಗಳು ದಕ್ಷಿಣ ಕೊರಿಯಾದ ಸುವೊನ್‌ಗೆ ಬರುತ್ತಿರುವ ತುಮಕೂರಿನ ಹುಡುಗರೊಬ್ಬರು ಕೇಳಿದ್ದಾರೆ: "ಅಕ್ಕಾ, ನಾನು ಸಸ್ಯಾಹಾರಿ. ಕೊರಿಯಾದಲ್ಲಿ ಎಲ್ಲಿ ಕೂತರೂ ಕಿಮ್ಚಿ, ಅದೇ ಹುಳಿ ಬರಿಸಿದ ತರಕಾರಿ, ತಂದಿಡ್ತಾರಂತೆ. ನಾನು ತಿನ್ನಬಹುದಾ? ಅದಕ್ಕೆ ಹೊಂದೋ ಹಾಗೆ ದಿನಾ ಏನು ಅಡುಗೆ ಮಾಡ್ಕೊಳ್ಳೋದು? ಕುಕ್ಕರ್ ತರಲಾ? ಚಳಿ ಎಷ್ಟಿರುತ್ತೆ? ಅಮ್ಮನ್ನ ಯಾವಾಗ ಕರೆಸಿದರೆ ಒಳ್ಳೇದು?"

ಚಳಿ ವಿಷಯ ಮೊದಲು ಮುಗಿಸಿಬಿಡ್ತೀನಿ. ಜನವರಿಯಲ್ಲಿ ಮೈನಸ್ 10 ಡಿಗ್ರಿಗಿಂತ ಕೆಳಗೂ ಇಳಿಯುತ್ತದೆ. ಆದರೆ ಇಲ್ಲಿ ಮನೆಯ ನೆಲವನ್ನೇ ಬಿಸಿ ಮಾಡುತ್ತಾರೆ, ಒಳಗಿದ್ದರೆ ಏನೂ ಆಗೋದಿಲ್ಲ. ಜಾಕೆಟ್ ಇಲ್ಲೇ ಬಂದು ತಗೊಳ್ಳಿ. ಕೊರಿಯನ್ ಅಕ್ಷರ ಓದೋದನ್ನು ಮಾತ್ರ ಈಗಲೇ ಕಲಿಯಿರಿ. ಒಂದು ವಾರ ಕೂತರೆ ಬರುತ್ತದೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ನಿಮ್ಮ ಮೊದಲ ಪ್ರಶ್ನೆಯೇ ದೊಡ್ಡದು. ಎಲೆಕೋಸು, ಮೂಲಂಗಿ, ಮೆಣಸಿನಪುಡಿ, ಬೆಳ್ಳುಳ್ಳಿ, ಶುಂಠಿ ನೋಡಿದರೆ ಕಿಮ್ಚಿ ಸಸ್ಯಾಹಾರ ಅಂತಲೇ ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ನಾನು ಬಂದದ್ದು ಅಕ್ಟೋಬರ್‌ನಲ್ಲಿ. ಕ್ಯಾಂಟೀನಿನಲ್ಲಿ ತಿನ್ನೋಕೆ ಆಗುತ್ತಿದ್ದದ್ದು ಅನ್ನ ಮತ್ತು ಕಿಮ್ಚಿ ಮಾತ್ರ, ಅದನ್ನೇ ಖುಷಿಯಾಗಿ ತಿನ್ನುತ್ತಿದ್ದೆ. ನವೆಂಬರ್ ಕೊನೆಯಲ್ಲಿ ಮೇಲಿನ ಮನೆಯ ಅಜ್ಜಿ ಒಂದು ಡಬ್ಬಿ ತುಂಬ ಆಗಷ್ಟೇ ಹಾಕಿದ ಕಿಮ್ಚಿ ತಂದು ಕೊಟ್ಟರು. ತಟ್ಟೆಗೆ ಹಾಕಿಕೊಂಡು ಎಲೆ ಬಿಡಿಸಿದೆ. ಕೆಂಪು ಮಸಾಲೆಯ ನಡುವೆ ಉಗುರಿನಷ್ಟು ಸಣ್ಣ ಸಿಗಡಿ ಇತ್ತು. ಎರಡು ಕಪ್ಪು ಕಣ್ಣು ಎದ್ದು ಕಾಣುತ್ತಿದ್ದವು. ತುತ್ತು ಅಲ್ಲೇ ನಿಂತಿತು. ಇಷ್ಟು ದಿನ ತಿಂದದ್ದೆಲ್ಲ ಇದೇ ಅಂತ ಆಗ ಗೊತ್ತಾಯಿತು. ಆ ರಾತ್ರಿ ಅಮ್ಮ ಫೋನ್ ಮಾಡಿ "ಊಟ ಆಯ್ತಾ" ಅಂದಾಗ "ಆಯ್ತು" ಅಂದೆ, ಅಷ್ಟೇ.

ಮಾಮೂಲಿ ಕಿಮ್ಚಿಗೆ ಉಪ್ಪು ಹಾಕಿ ಹುದುಗಿಸಿದ ಸಿಗಡಿ, ಇಲ್ಲವೇ ಬೂತಾಯಿಯ ಜಾತಿಯ ಸಣ್ಣ ಮೀನಿನ ರಸ ಸೇರಿಸುತ್ತಾರೆ. ಇಂಥದ್ದಕ್ಕೆಲ್ಲ ಒಟ್ಟಾಗಿ ಜೊತ್ಕಲ್ ಅನ್ನುತ್ತಾರೆ. ಖಾರವಿಲ್ಲದ ಬಿಳಿ ಕಿಮ್ಚಿಯಲ್ಲೂ ಇದು ಇರಬಹುದು. ಬಿಳಿ ಇದೆ ಅಂತ ನಂಬಬೇಡಿ. ಪ್ಯಾಕೆಟ್ ಹಿಂದೆ ಬರೆದಿರುತ್ತದೆ. ಅಕ್ಷರ ಕಲಿಯಿರಿ ಅಂದದ್ದು ಅದಕ್ಕೇ. ಸೆವುಜೊತ್ ಅಂದರೆ ಸಿಗಡಿ, ಮ್ಯೊಲ್ಚಿ ಅಂದರೆ ಆ ಮೀನು. ಇವೆರಡು ಇಲ್ಲದ, ವೀಗನ್ ಅಂತ ಬರೆದ ಕಿಮ್ಚಿ ಈಗ ಆನ್‌ಲೈನ್‌ನಲ್ಲಿ ಸಿಗುತ್ತದೆ. ಬೌದ್ಧ ಮಠಗಳ ಕಿಮ್ಚಿಯಲ್ಲಿ ಮೀನೂ ಇರೋದಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇರೋದಿಲ್ಲ. ಬೆಳ್ಳುಳ್ಳಿ ತಿನ್ನದ ಮನೆಯವರಾದರೆ ಅದನ್ನೇ ಹುಡುಕಿ. ಆ ಮಠದವರು ಬಿಡುವ ಐದು ಪದಾರ್ಥಗಳಲ್ಲಿ ಇಂಗೂ ಒಂದು. ನಮ್ಮಲ್ಲಿ ಬೆಳ್ಳುಳ್ಳಿ ಬಿಟ್ಟವರು ಇಂಗನ್ನೇ ನೆಚ್ಚಿಕೊಂಡಿರುತ್ತಾರೆ ಅಲ್ವಾ, ನನಗೆ ಅದು ತುಂಬ ದಿನ ಆಶ್ಚರ್ಯ.

ಮತ್ತೆ ಆ ಡಬ್ಬಿ. ಖಾಲಿ ಡಬ್ಬಿ ವಾಪಸ್ ಕೊಡೋಕೆ ಆಗುತ್ತಾ? ಊರಿಂದ ತಂದಿದ್ದ ಕೋಡುಬಳೆ ತುಂಬಿಕೊಂಡು ಮೇಲೆ ಹೋದೆ. ಜೊತೆಗೆ ಓದುತ್ತಿದ್ದ ಹುಡುಗಿಯಿಂದ ಒಂದು ಚೀಟಿ ಬರೆಸಿಕೊಂಡಿದ್ದೆ. "ನಮ್ಮ ಮನೆಯಲ್ಲಿ ಮೀನು, ಮಾಂಸ ತಿನ್ನೋದಿಲ್ಲ. ನಿಮ್ಮ ಕಿಮ್ಚಿ ಚೆನ್ನಾಗಿಲ್ಲ ಅಂತ ಅಲ್ಲ" ಅಂತ. ಎಷ್ಟು ಬೇಜಾರು ಮಾಡಿಕೊಳ್ಳುತ್ತಾರೋ ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಅವರು ಚೀಟಿ ಓದಿದರು, ನನ್ನ ಕೈ ಹಿಡಿದುಕೊಂಡರು, ಏನೋ ಹೇಳಿದರು. ನನಗೆ ಒಂದು ಪದವೂ ಅರ್ಥವಾಗಲಿಲ್ಲ. ಮುಂದಿನ ವರ್ಷ ಕಿಮ್ಜಾಂಗ್‌ಗೆ, ಅಂದರೆ ಚಳಿಗಾಲಕ್ಕೆ ಆಗುವಷ್ಟು ಕಿಮ್ಚಿ ಒಟ್ಟಿಗೆ ಕೂತು ಹಾಕುವ ದಿನ, ನನ್ನನ್ನು ಕರೆದರು. ಒಂದು ಬೇಸಿನ್ ಬೇರೆಯಾಗಿಟ್ಟಿದ್ದರು. ಅದಕ್ಕೆ ಸಿಗಡಿ ಇಲ್ಲ. ಸಮುದ್ರಪಾಚಿ, ಒಣ ಅಣಬೆ ಕುದಿಸಿದ ನೀರು, ಸೋಯಾ ಸಾಸ್, ತುರಿದ ಪೇರ್ ಹಣ್ಣು, ಅಕ್ಕಿ ಗಂಜಿ. ನಾನು ಬ್ಯಾಡಗಿ ಪುಡಿ ಒಯ್ದಿದ್ದೆ. ಅವರು ಬೆರಳಿಗೆ ಹಚ್ಚಿ ನೆಕ್ಕಿ ನೋಡಿ, ತಲೆಯಾಡಿಸಿ, ಒಂದು ಹಿಡಿ ಹಾಕಿಯೇ ಬಿಟ್ಟರು. ಇಲ್ಲಿನ ಮೆಣಸಿನಪುಡಿಯೂ ಬ್ಯಾಡಗಿ ಹಾಗೇ, ಬಣ್ಣ ಜಾಸ್ತಿ, ಖಾರ ಕಮ್ಮಿ. ನೀವು ಮನೆಯಲ್ಲಿ ಹಾಕಿದರೆ ಗುಂಟೂರು ಪುಡಿ ಮುಟ್ಟಬೇಡಿ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನಾವು ದಾಕ್ಷಿಣ್ಯದವರು. ಬೇಡ ಅನ್ನೋಕೆ ಆಗದೆ "ಆಮೇಲೆ ತಿಂತೀನಿ" ಅನ್ನುತ್ತೇವೆ. ಇಲ್ಲಿ ಅದು ನಡೆಯೋದಿಲ್ಲ. ಸುಮ್ನೆ ಬೇಡ ಅಂದರೆ ದೂರ ಇಟ್ಟ ಹಾಗೆ. ಯಾಕೆ ಬೇಡ ಅಂತ ಮೊದಲ ದಿನವೇ ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ. ನಿಮ್ಮ ಲ್ಯಾಬಿನಲ್ಲೂ ಮೊದಲ ದಿನವೇ ಹೇಳಿ.

ಈಗ ಅಡುಗೆ. ಕೊರಿಯನ್ನರ ಊಟದಲ್ಲಿ ಅನ್ನ ಸಪ್ಪೆ, ಜೊತೆಗಿರುವ ಸೂಪೂ ಹೆಚ್ಚುಕಮ್ಮಿ ಸಪ್ಪೆ. ಸೋಯಾ ಮೊಳಕೆಯ ಸೂಪಿನಲ್ಲಿ ಉಪ್ಪು, ಬೆಳ್ಳುಳ್ಳಿಯ ರುಚಿಯೇ ಹೆಚ್ಚು, ಆದರೆ ಅದನ್ನೂ ಎಷ್ಟೋ ಕಡೆ ಮ್ಯೊಲ್ಚಿ ಕುದಿಸಿದ ನೀರಿನಲ್ಲಿ ಮಾಡುತ್ತಾರೆ, ಕೇಳಿ ತಿನ್ನಿ. ಅದಕ್ಕೇ ಕಿಮ್ಚಿ ಅಲ್ಲಿ ಕೂರುತ್ತದೆ. ನಮ್ಮ ಸಾರು, ಹುಳಿಯಲ್ಲಿ ಹುಳಿ, ಉಪ್ಪು, ಖಾರ ಮೂರೂ ಇದೆ. ಕಿಮ್ಚಿಯಲ್ಲೂ ಅದೇ ಮೂರು. ಪುಳಿಯೋಗರೆ, ಚಿತ್ರಾನ್ನ, ತಿಳಿಸಾರಿನ ದಿನ ಕಿಮ್ಚಿ ತೆಗೆಯಲೇಬೇಡಿ, ಹಪ್ಪಳ ಕರಿದುಕೊಳ್ಳಿ. ತೊವ್ವೆ ಮಾಡಿದ ದಿನ ತೆಗೆಯಿರಿ. ತೊಗರಿಬೇಳೆ, ಅರಿಶಿನ, ಶುಂಠಿ, ತುಪ್ಪದಲ್ಲಿ ಜೀರಿಗೆ ಒಗ್ಗರಣೆ. ನಿಂಬೆಹಣ್ಣು ಬೇಡ, ಹಸಿಮೆಣಸಿನಕಾಯಿ ಬೇಡ. ಖಾರ ಪೊಂಗಲ್‌ಗೆ ಇನ್ನೂ ಚೆನ್ನ. ತುಪ್ಪದ ಜಿಡ್ಡಿಗೆ ಆ ಹುಳಿ ಬೇಕೇ ಬೇಕು. ಮೊಸರನ್ನಕ್ಕೆ ಎಲೆಕೋಸಿನ ಕಿಮ್ಚಿಗಿಂತ ಮೂಲಂಗಿ ತುಂಡಿನ ಕಕ್ತುಗಿ ಸರಿ, ಕರಕರ ಅನ್ನುತ್ತದೆ. ಮೊಸರು ಹುಳಿ ಬಂದಿರಬಾರದು. ಅಂಗಡಿಯ ಎಷ್ಟೋ ಯೋಗರ್ಟ್‌ಗೆ ಸಕ್ಕರೆ ಹಾಕಿರುತ್ತಾರೆ, ನೋಡಿ ತಗೊಳ್ಳಿ. ಒಂದು ಸಲ ಸಪ್ಪೆಯದು ಸಿಕ್ಕರೆ ಅದರಿಂದಲೇ ಹೆಪ್ಪು ಹಾಕಿಕೊಳ್ಳಿ.

ಕಿಮ್ಚಿಗೂ ವಯಸ್ಸಿದೆ. ಹೊಸದು ಸಲಾಡ್ ಥರ, ಬಿಸಿ ಅನ್ನಕ್ಕೆ ಎಳ್ಳೆಣ್ಣೆ ಹಾಕಿಕೊಂಡು ತಿನ್ನೋಕೆ. ಫ್ರಿಜ್‌ನಲ್ಲಿ ಎರಡು ಮೂರು ವಾರ ಇದ್ದದ್ದು ತೊವ್ವೆ, ಪೊಂಗಲ್‌ಗೆ. ಅದಕ್ಕಿಂತ ಹಳೆಯದಾಗಿ ಹುಳಿ ಏರಿದ್ದನ್ನು ಹಸಿಯಾಗಿ ತಿನ್ನೋದು ಕಷ್ಟ. ಹೊಸಬರು ಕೆಟ್ಟಿತು ಅಂತ ಎಸೆಯುತ್ತಾರೆ, ನನಗೆ ಹೊಟ್ಟೆ ಉರಿಯುತ್ತದೆ. ಅಡುಗೆಗೆ ಅದೇ ಚಿನ್ನ. ಎಣ್ಣೆಯಲ್ಲಿ ಹುರಿದು, ಬೇಯಿಸಿದ ತೋಫು ಪಕ್ಕಕ್ಕಿಟ್ಟುಕೊಂಡರೆ ಚಪಾತಿಗೆ ಪಲ್ಯ ಬೇರೆ ಬೇಡ. ಬೆಂದ ಬೇಳೆಗೆ ಹುಣಸೆಹಣ್ಣಿನ ಬದಲು ಅದರ ರಸ ಹಾಕಿ, ಸಾರಿನಪುಡಿ ಅರ್ಧ ಚಮಚ ಹಾಕಿ ಕುದಿಸಿ. ಮುದ್ದೆ ಆ ಹುಳಿಯಲ್ಲಿ ಜಾರಿಕೊಂಡು ಇಳಿಯುತ್ತದೆ. ಹೆಚ್ಚಿ ಹಿಂಡಿ ಅಕ್ಕಿರೊಟ್ಟಿಯ ಹಿಟ್ಟಿಗೆ ಕಲಸಿದರೂ ಆಯಿತು. ಒಂದು ಎಚ್ಚರ: ಅಕ್ಕಿಹಿಟ್ಟಿನಲ್ಲಿ ಚಪ್ಸಲ್ ಅಂತ ಬರೆದದ್ದು ಅಂಟಕ್ಕಿಯ ಹಿಟ್ಟು, ರೊಟ್ಟಿ ತಟ್ಟೋಕೆ ಬರೋದಿಲ್ಲ. ಮೆಪ್ಸಲ್ ತಗೊಳ್ಳಿ.

ಒಂದೇ ಒಂದು ಕಲಿಯುತ್ತೀರಿ ಅಂದರೆ ಬಿಂದೆತ್ತೊಕ್ ಕಲಿಯಿರಿ. ನಮ್ಮ ಹೆಸರುಬೇಳೆ ದೋಸೆಯ ದಪ್ಪನೆಯ ತಮ್ಮ ಅದು. ಸಿಯೋಲ್‌ನ ಗ್ವಾಂಗ್‌ಜಾಂಗ್ ಮಾರುಕಟ್ಟೆಯಲ್ಲಿ ಕಲ್ಲಿನಲ್ಲಿ ಹೆಸರುಬೇಳೆ ರುಬ್ಬುತ್ತಾ, ಅಲ್ಲೇ ಎಣ್ಣೆಯಲ್ಲಿ ಬೇಯಿಸಿ ಕೊಡುತ್ತಾರೆ. ಮೊದಲ ಸಲ ಆ ರುಬ್ಬುವ ಕಲ್ಲಿನ ಮುಂದೆ ನಿಂತಾಗ ನನಗೆ ಅಲ್ಲಿಂದ ಕಾಲು ಕೀಳೋಕೆ ಆಗಲಿಲ್ಲ. ಅಲ್ಲಿ ಹಂದಿ ಮಾಂಸ ಸೇರಿಸುವುದು ಸಾಮಾನ್ಯ, ಹಾಗಾಗಿ ಮನೆಯಲ್ಲೇ ಮಾಡಿ. ಸಿಪ್ಪೆ ತೆಗೆದ ಹೆಸರುಬೇಳೆಗೆ ಒಂದು ಹಿಡಿ ಅಕ್ಕಿ ಸೇರಿಸಿ ಮೂರು ನಾಲ್ಕು ಗಂಟೆ ನೆನೆಸಿ. ನೀರು ಕಮ್ಮಿ ಹಾಕಿ, ಬೆರಳಿಗೆ ರವೆ ಸಿಗುವ ಹಾಗೆ ರುಬ್ಬಿ. ನುಣ್ಣಗಾದರೆ ಕೆಟ್ಟಿತು. ಹಳೆಯ ಕಿಮ್ಚಿ ಹಿಂಡಿ ಹೆಚ್ಚಿ ಹಾಕಿ, ಹೆಸರುಮೊಳಕೆ ಬಿಸಿನೀರಲ್ಲಿ ಅದ್ದಿ ತೆಗೆದು ಹಾಕಿ, ಈರುಳ್ಳಿ ಸೊಪ್ಪು ಹಾಕಿ. ಉಪ್ಪು ಕಿಮ್ಚಿಯಲ್ಲೇ ಇದೆ. ಕಾವಲಿಗೆ ಎಣ್ಣೆ ಧಾರಾಳವಾಗಿ ಬಿಟ್ಟು, ಹಿಟ್ಟು ದಪ್ಪಗೆ ಹರಡಿ, ಅಂಚು ಕೆಂಪಗಾಗುವ ತನಕ ಕೈ ಹಾಕಬೇಡಿ. ಲ್ಯಾಬಿನವರಿಗೆ ಇದನ್ನು ತಿನ್ನಿಸಿ, ಆಮೇಲೆ ಹೆಸರುಬೇಳೆ ದೋಸೆ ತಿನ್ನಿಸಿ. ನಮ್ಮ ಅಡುಗೆ ಏನು ಅಂತ ಅವರಿಗೆ ಬೇರೆ ವಿವರಿಸೋದೇ ಬೇಡ.

ಕುಕ್ಕರ್ ತನ್ನಿ. ತಳ ಇಂಡಕ್ಷನ್‌ಗೆ ಆಗುವಂಥದ್ದು ತನ್ನಿ, ಗ್ಯಾಸ್ಕೆಟ್ ಎರಡು ಜಾಸ್ತಿ ಇರಲಿ. ಕರೆಂಟ್ 220 ವೋಲ್ಟ್, ನಮ್ಮ ಮೂರು ಪಿನ್ನು ಮಾತ್ರ ಕೂರೋದಿಲ್ಲ. ಸಾರಿನಪುಡಿ, ಬ್ಯಾಡಗಿ ಪುಡಿ, ರಾಗಿಹಿಟ್ಟು ತನ್ನಿ. ಹಸಿ ಕರಿಬೇವು, ಮಾವಿನಹಣ್ಣು ಇಂಥವೆಲ್ಲ ಬೇಡ, ವಿಮಾನ ನಿಲ್ದಾಣದಲ್ಲೇ ತೆಗೆದಿಡುತ್ತಾರೆ. ಬೇಳೆ ಸಿಯೋಲ್‌ನ ಇಟೆವೊನ್, ಸುವೊನ್ ಹತ್ತಿರದ ಆನ್ಸಾನ್‌ನ ಅಂಗಡಿಗಳಲ್ಲಿ ಸಿಗುತ್ತದೆ. ಸೋನಾ ಮಸೂರಿ ಹುಡುಕಿಕೊಂಡು ಅಲೆಯಬೇಡಿ. ಕೋಟಾ ಮೀರಿ ಬರುವ ಅಕ್ಕಿಗೆ ಇಲ್ಲಿ 513% ಸುಂಕ, ರೈತರನ್ನು ಉಳಿಸಿಕೊಳ್ಳೋಕೆ. ಇಲ್ಲಿನ ಅಕ್ಕಿಗೇ ಒಗ್ಗಿಕೊಳ್ಳಿ. ಅಂಟು ಅಂತ ಮೊದಲು ಬೇಜಾರಾಗುತ್ತದೆ, ಆದರೆ ಮೊಸರನ್ನಕ್ಕೆ, ಪೊಂಗಲ್‌ಗೆ ಅದಕ್ಕಿಂತ ಒಳ್ಳೆ ಅಕ್ಕಿ ನಾನು ಕಂಡಿಲ್ಲ.

ಅಮ್ಮನ ವಿಷಯ. ನಮ್ಮಮ್ಮ ಪ್ರತಿ ಬೇಸಿಗೆಗೆ ಜಾಡಿಗಟ್ಟಲೆ ಉಪ್ಪಿನಕಾಯಿ ಹಾಕುತ್ತಿದ್ದರು. ಕಿಮ್ಜಾಂಗ್ ಫೋಟೋ ಕಳಿಸಿದರೆ, "ಉಪ್ಪು ಎಷ್ಟು ಹೊತ್ತು ಹಿಡಿಸ್ತಾರೆ? ಜಾಡಿ ಬಾಯಿ ಬಟ್ಟೆ ಕಟ್ತಾರಾ?" ಅಂತ ಕೇಳುತ್ತಿದ್ದರು. ಅದನ್ನೇ ಮೇಲಿನ ಮನೆಯ ಅಜ್ಜಿಗೆ ಹೇಳಿದರೆ ಅವರು ಅಮ್ಮನಿಗೆ ಉತ್ತರ ಕಳಿಸುತ್ತಿದ್ದರು. ಉಪ್ಪು ಒಂದು ರಾತ್ರಿ, ಬಟ್ಟೆ ಇಲ್ಲ, ಈಗ ಎಲ್ಲರ ಮನೆಯಲ್ಲೂ ಕಿಮ್ಚಿಗೇ ಬೇರೆ ಫ್ರಿಜ್ ಇದೆ ಅಂತ. ಇಬ್ಬರಿಗೂ ಒಬ್ಬರನ್ನೊಬ್ಬರು ನೋಡಬೇಕು ಅಂತ ಆಸೆ ಇತ್ತು. ಅಮ್ಮನ ಪಾಸ್‌ಪೋರ್ಟ್ ಆಯಿತು. ಅಷ್ಟರಲ್ಲಿ ಕೊರೋನಾ ಬಂತು. ಅದು ಮುಗಿಯುವಷ್ಟರಲ್ಲಿ ಅಮ್ಮನಿಗೆ ಮಂಡಿ ನೋವು ಜಾಸ್ತಿಯಾಯಿತು, ಅಜ್ಜಿ ಮಗನ ಮನೆಗೆ ಬುಸಾನ್‌ಗೆ ಹೋದರು. ಅಮ್ಮ ಈಗ ಇಲ್ಲ. ಇಲ್ಲಿ ಬಂದು ಪಡೆದದ್ದು ತುಂಬ ಇದೆ, ಆದರೆ ಈ ಕೊರತೆ ಹೋಗೋದಿಲ್ಲ.

ಹಾಗಾಗಿ ನಿಮ್ಮ ಅಮ್ಮನ್ನ ಮುಂದಿನ ವರ್ಷವೇ ಕರೆಸಿ, ಸೆಟಲ್ ಆಗಲಿ ಅಂತ ಕಾಯಬೇಡಿ. ಎಲ್ಲರೂ ಏಪ್ರಿಲ್‌ಗೆ ಕರೆಸಿ ಅನ್ನುತ್ತಾರೆ, ಚೆರ್ರಿ ಹೂವಿಗೆ. ನೀವು ನವೆಂಬರ್ ಕೊನೆಗೆ ಕರೆಸಿ. ಚಳಿ ಶುರುವಾಗಿರುತ್ತದೆ, ಸ್ವೆಟರ್, ಕಾಲುಚೀಲ ಇರಲಿ. ಆ ಹೊತ್ತಿಗೆ ಅಕ್ಕಪಕ್ಕದ ಯಾರಾದರೂ ನಿಮಗೆ ಪರಿಚಯ ಆಗಿರುತ್ತಾರೆ, ಕಿಮ್ಜಾಂಗ್ ಯಾವತ್ತು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಯಾರೂ ಇಲ್ಲದಿದ್ದರೆ ನಮ್ಮನೆಗೆ ಕರೆದುಕೊಂಡು ಬನ್ನಿ. ಸಿಗಡಿ ಇಲ್ಲದ ಬೇಸಿನ್ ಈಗ ನಾನೇ ಇಡುತ್ತೇನೆ, ಪ್ರತಿ ವರ್ಷ.