ಸಹಿ ಸಂಗ್ರಹಕ್ಕಿಂತ ಮೊದಲು ಬೀದಿಬೀದಿಯ ಲೆಕ್ಕ ಹಿಡಿಯಿರಿ

ನೀವು ಕೇಳಿರುವುದು ಇಷ್ಟು: ನಿಮ್ಮ ಊರಿನಲ್ಲಿ ಇನ್ನೂ ತಾಮ್ರದ ತಂತಿಯ ಇಂಟರ್ನೆಟ್ ಇದೆ, ಸಂಜೆಯಾದರೆ ವಿಡಿಯೊ ಕರೆ ತಡವರಿಸುತ್ತದೆ, ನೂರಾರು ಜನರ ಸಹಿ ಹಾಕಿಸಿ ಕಂಪನಿಗಳಿಗೆ ಮನವಿ ಕೊಟ್ಟರೂ "ಸದ್ಯಕ್ಕೆ ಅಂಥ ಯೋಜನೆ ಇಲ್ಲ" ಎಂಬ ಉತ್ತರವೇ ಬರುತ್ತಿದೆ. ಊರಿನವರನ್ನು ಒಟ್ಟುಗೂಡಿಸಿ ಫೈಬರ್, ಅಂದರೆ ಗಾಜಿನ ಎಳೆಯ ಕೇಬಲ್, ತರಿಸುವುದು ಹೇಗೆ? ಇದೇ ಕೆಲಸಕ್ಕಾಗಿ ಮನೆ ಮನೆ ಬಾಗಿಲು ತಟ್ಟಿದವರಲ್ಲಿ ನಾನೂ ಒಬ್ಬಳು. ಆಗುವ ಕೆಲಸ ಇದು ಎಂಬ ನಂಬಿಕೆಯಿಂದಲೇ ಬರೆಯುತ್ತಿದ್ದೇನೆ.

ಕಂಪನಿ ಏಕೆ ಒಲ್ಲೆ ಎನ್ನುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಗಾಜಿನ ಎಳೆಗೆ ಅಂಥ ದೊಡ್ಡ ಬೆಲೆಯಿಲ್ಲ. ನೆಲ ಅಗೆಯುವುದು, ಕೊಳವೆ ಹೂಳುವುದು, ಕಿತ್ತ ರಸ್ತೆಯನ್ನು ಮೊದಲಿನಂತೆ ಮಾಡಿಕೊಡುವುದು, ದಾರಿಯಲ್ಲಿ ಸಿಗುವ ಜಾಗಗಳ ಒಡೆಯರಿಂದ ಅನುಮತಿ ಪಡೆಯುವುದು, ಹಣದ ದೊಡ್ಡ ಪಾಲು ಇವಕ್ಕೇ ಹೋಗುತ್ತದೆ. ಐವತ್ತು ಮನೆಗಳ ಬೀದಿಯಲ್ಲಿ ಐದು ಮನೆಯವರು ಸಂಪರ್ಕ ಪಡೆದರೂ, ನಲವತ್ತು ಮನೆಯವರು ಪಡೆದರೂ ಬೀದಿಯ ಉದ್ದಕ್ಕೆ ಅಗೆಯುವ ಖರ್ಚು ಒಂದೇ. ಹಾಗಾಗಿ ಕಂಪನಿಯಲ್ಲಿ ಲೆಕ್ಕ ಹಾಕುವವರು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತಾರೆ: ಕೇಬಲ್ ಹಾದುಹೋಗುವ ನೂರು ಮನೆಗಳಲ್ಲಿ ಎಷ್ಟು ಮನೆಗಳು ದುಡ್ಡು ಕೊಟ್ಟು ಸೇರುತ್ತವೆ? ಬರೀ ಸಹಿಗಳಿರುವ ಮನವಿ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಸಹಿ ಹಾಕಿದವರು ಯಾವ ಬೀದಿಯವರು, ಒಂದೇ ಮನೆಯಿಂದ ಎಷ್ಟು ಜನ ಹಾಕಿದ್ದಾರೆ, ಅವರಲ್ಲಿ ತಿಂಗಳ ಶುಲ್ಕ ಕಟ್ಟುವವರು ಯಾರು, ಯಾವುದೂ ಅದರಲ್ಲಿ ಇರುವುದಿಲ್ಲ.

ಇದಕ್ಕೆ ನನಗೆ ತಿಳಿದ ಅತ್ಯುತ್ತಮ ಪಾಠ ಅಮೆರಿಕದ್ದು. 2010ರ ಫೆಬ್ರವರಿಯಲ್ಲಿ ಗೂಗಲ್, ಗಿಗಾಬಿಟ್ ವೇಗದ (ಸೆಕೆಂಡಿಗೆ ಸಾವಿರ ಮೆಗಾಬಿಟ್) ಫೈಬರ್ ಜಾಲ ಹಾಕಲು ಊರು ಹುಡುಕುತ್ತಿರುವುದಾಗಿ ಪ್ರಕಟಿಸಿತು. ಸುಮಾರು 1,100 ಊರುಗಳು ಅರ್ಜಿ ಹಾಕಿದವು. ಕ್ಯಾನ್ಸಸ್ ರಾಜ್ಯದ ಟೊಪೀಕಾ ನಗರ ಒಂದು ತಿಂಗಳ ಮಟ್ಟಿಗೆ ತನ್ನ ಹೆಸರನ್ನೇ ಗೂಗಲ್ ಎಂದು ಬದಲಿಸಿಕೊಂಡಿತು. ಡುಲೂತ್ ನಗರದ ಮೇಯರ್ ಕೊರೆಯುವ ಚಳಿಯಲ್ಲಿ ಸುಪೀರಿಯರ್ ಸರೋವರಕ್ಕೆ ಹಾರಿದರು. ದೇಶವೆಲ್ಲ ಈ ಊರುಗಳ ಬಗ್ಗೆ ಮಾತಾಡಿತು. ಆದರೆ 2011ರ ಮಾರ್ಚ್‌ನಲ್ಲಿ ಆಯ್ಕೆಯಾದದ್ದು ಕ್ಯಾನ್ಸಸ್ ಸಿಟಿ. ಕೆಲಸ ಸಲೀಸಾಗಿ ಸಾಗುವ, ಸ್ಥಳೀಯ ಆಡಳಿತ ಮತ್ತು ಸಂಘಸಂಸ್ಥೆಗಳು ಜೊತೆಗೂಡುವ ಊರು ಬೇಕಿತ್ತು ಎಂಬುದು ಕಂಪನಿ ಕೊಟ್ಟ ಕಾರಣ. ಊರಿನ ಉತ್ಸಾಹವನ್ನು ನಾನು ಕಡೆಗಣಿಸುತ್ತಿಲ್ಲ, ಅದಿಲ್ಲದೆ ಯಾವುದೂ ಶುರುವಾಗುವುದಿಲ್ಲ. ಆದರೆ ಅದು ಕಡತಕ್ಕೆ ಇಳಿಯಬೇಕು.

ಅಲ್ಲಿ ಮುಂದೆ ನಡೆದದ್ದು ನಿಮಗೆ ಇನ್ನೂ ಹೆಚ್ಚು ಉಪಯೋಗಕ್ಕೆ ಬರುತ್ತದೆ. 2012ರಲ್ಲಿ ಆ ಪ್ರದೇಶವನ್ನು 202 ಬಡಾವಣೆಗಳಾಗಿ ವಿಂಗಡಿಸಿ, ಪ್ರತಿ ಬಡಾವಣೆಗೂ ಒಂದು ಗುರಿ ಇಟ್ಟರು. ಮನೆಗಳಲ್ಲಿ ಶೇ 5ರಿಂದ 25ರಷ್ಟು, ಆಯಾ ಬಡಾವಣೆಗೆ ತಕ್ಕಂತೆ, ಹತ್ತು ಡಾಲರ್ ಕಟ್ಟಿ ಮುಂಗಡ ನೋಂದಣಿ ಮಾಡಿಸಬೇಕು. ಗುರಿ ಮುಟ್ಟಿದ ಬಡಾವಣೆಗೆ ಮಾತ್ರ ಕೇಬಲ್. ಅಲ್ಲಿನ ಶಾಲೆ, ಗ್ರಂಥಾಲಯಗಳಿಗೆ ಉಚಿತ ಸಂಪರ್ಕ. ಅನುಕೂಲಸ್ಥರ ಬಡಾವಣೆಗಳು ಬೇಗ ಗುರಿ ಮುಟ್ಟಿದವು. ಬಡವರು ಹೆಚ್ಚಾಗಿದ್ದ ಕಡೆ ಮೊದಮೊದಲು ಗುರಿ ಹತ್ತಿರಕ್ಕೂ ಬರಲಿಲ್ಲ. ಅವರಿಗೆ ಇಂಟರ್ನೆಟ್ ಬೇಡವಾಗಿತ್ತು ಎಂದಲ್ಲ. ನೋಂದಣಿಗೆ ಬ್ಯಾಂಕ್ ಕಾರ್ಡ್ ಬೇಕಿತ್ತು, ಗೂಗಲ್ ಖಾತೆ ಬೇಕಿತ್ತು, ಎಲ್ಲಕ್ಕಿಂತ ಮೊದಲು ಇಂಟರ್ನೆಟ್ ಬೇಕಿತ್ತು! ಬಾಡಿಗೆ ಮನೆಯವರು ಮಾಲೀಕರ ಒಪ್ಪಿಗೆಯನ್ನು ಕಾಯಬೇಕಿತ್ತು. ಆಗ ಶಿಕ್ಷಕರು, ಗ್ರಂಥಪಾಲಕರು, ಸ್ವಯಂಸೇವಕರು ಮನೆ ಮನೆಗೆ ಹೋದರು, ಬೇರೆಯವರ ಹತ್ತು ಡಾಲರನ್ನು ತಾವೇ ಹೊಂದಿಸಿಕೊಟ್ಟರು. ಸೆಪ್ಟೆಂಬರ್‌ನಲ್ಲಿ ಗಡುವು ಮುಗಿಯುವ ವೇಳೆಗೆ 180 ಬಡಾವಣೆಗಳು ಗುರಿ ಮುಟ್ಟಿದ್ದವು. ಮೊಬೈಲ್‌ನಲ್ಲಿ ಒಂದು ಅರ್ಜಿ ನಮೂನೆ ಹರಿಬಿಟ್ಟು ಸುಮ್ಮನಾದರೆ ನಿಮ್ಮ ಊರಿನಲ್ಲೂ ಈಗಾಗಲೇ ಸಂಪರ್ಕ ಇರುವವರ ಹೆಸರೇ ಮೇಲೆ ಬರುತ್ತದೆ. ಯಾರಿಗೆ ಫೈಬರ್‌ನ ಅಗತ್ಯ ಎಲ್ಲರಿಗಿಂತ ಹೆಚ್ಚೋ ಅವರೇ ಪಟ್ಟಿಯಿಂದ ಹೊರಗೆ ಉಳಿಯುತ್ತಾರೆ. ಕಾಗದದ ನಮೂನೆ ಹಿಡಿದು ನಡೆದೇ ಹೋಗಿ.

ನಾನು ಮಾಡುವ ಕ್ರಮ ಹೀಗಿದೆ. ಊರಿನ ನಕ್ಷೆಯನ್ನು ದೊಡ್ಡದಾಗಿ ಮುದ್ರಿಸಿ, ಪ್ರತಿ ಬೀದಿಗೂ ಅದೇ ಬೀದಿಯಲ್ಲಿ ವಾಸಿಸುವ ಒಬ್ಬರನ್ನು ಹೊಣೆಗಾರರನ್ನಾಗಿ ಮಾಡಿ. ಹೊರಗಿನವರು ಹತ್ತು ಸಲ ಹೇಳುವುದಕ್ಕಿಂತ ಪಕ್ಕದ ಮನೆಯವರು ಒಮ್ಮೆ ಹೇಳುವುದು ನಾಟುತ್ತದೆ. ನಮೂನೆ ಒಂದೇ ಪುಟ ಇರಲಿ: ವಿಳಾಸ, ಸ್ವಂತ ಮನೆಯೋ ಬಾಡಿಗೆಯೋ, ಈಗಿನ ಸೇವೆ ಯಾವುದು, ತಿಂಗಳಿಗೆ ಎಷ್ಟು ಕಟ್ಟುತ್ತಾರೆ, ಫೈಬರ್ ಬಂದರೆ ಎಷ್ಟರವರೆಗೆ ಕಟ್ಟಲು ಸಿದ್ಧ, ಎಷ್ಟು ಅವಧಿಯ ಒಪ್ಪಂದಕ್ಕೆ ಸಿದ್ಧ. ಫೋನ್ ಸಂಖ್ಯೆ ಬರೆದುಕೊಂಡರೆ ಅದನ್ನು ಯಾರಿಗೆ ತೋರಿಸುತ್ತೀರಿ ಎಂಬುದನ್ನೂ ಅಲ್ಲೇ ತಿಳಿಸಿ. ಜನರ ವಿವರ ಅವರ ಒಪ್ಪಿಗೆಯಿಲ್ಲದೆ ಯಾವ ಕಂಪನಿಯ ಕೈಗೂ ಹೋಗಬಾರದು. ಈ ವಿಷಯದಲ್ಲಿ ನಾನು ಹಟಮಾರಿ. ಮುಂಗಡ ಹಣವನ್ನು ಮಾತ್ರ ನೀವು ವಸೂಲಿ ಮಾಡಬೇಡಿ. ಕಂಪನಿ ಗೊತ್ತಾದ ಮೇಲೆ ಅದೇ ರಸೀದಿ ಕೊಟ್ಟು ತೆಗೆದುಕೊಳ್ಳಲಿ.

ಜೊತೆಗೆ ವೇಗದ ದಾಖಲೆಯನ್ನೂ ಇಡಿ. ವೈಫೈ ಬಿಟ್ಟು, ಕಂಪ್ಯೂಟರನ್ನು ತಂತಿಯ ಮೂಲಕ ಜೋಡಿಸಿ ಅಳೆಯಬೇಕು, ಇಲ್ಲವಾದರೆ "ನಿಮ್ಮ ಮನೆಯ ವೈಫೈ ಸರಿಯಿಲ್ಲ" ಎಂದು ತಳ್ಳಿಹಾಕುತ್ತಾರೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಡೌನ್‌ಲೋಡ್ ಜೊತೆಗೆ ಅಪ್‌ಲೋಡ್ ಕೂಡ ಬರೆದಿಡಿ, ಏಕೆಂದರೆ ಮನೆಯಿಂದ ಕೆಲಸ ಮಾಡುವವರನ್ನೂ ಆನ್‌ಲೈನ್ ತರಗತಿ ನಡೆಸುವವರನ್ನೂ ಕಾಡುವುದು ಅದೇ. ತಾಮ್ರದ ತಂತಿಯಲ್ಲಿ ದೂರ ಹೆಚ್ಚಿದಂತೆ ವೇಗ ಕುಸಿಯುತ್ತದೆ. ದೂರವಾಣಿ ವಿನಿಮಯ ಕೇಂದ್ರದಿಂದ ಮೂರು ನಾಲ್ಕು ಕಿಲೋಮೀಟರ್ ಆಚೆಗಿನ ಮನೆಗೆ ಕೆಲವೇ ಮೆಗಾಬಿಟ್ ತಲುಪುತ್ತದೆ. ಫೈಬರ್‌ಗೆ ಆ ತೊಂದರೆ ಇಲ್ಲ. ಮನೆಗಳಿಗೆ ಫೈಬರ್ ಹಂಚಲು ಸಾಮಾನ್ಯವಾಗಿ ಬಳಸುವ ಜಿಪಾನ್ (GPON) ಎಂಬ ವ್ಯವಸ್ಥೆ 20 ಕಿಲೋಮೀಟರ್‌ವರೆಗೆ ಕೆಲಸ ಮಾಡುತ್ತದೆ, ಒಂದೇ ಎಳೆಯನ್ನು ಬೀದಿಯ ಪೆಟ್ಟಿಗೆಯಲ್ಲಿ ಕವಲೊಡೆಸಿ 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಊರೆಲ್ಲ ಚದುರಿದ ಒಪ್ಪಿಗೆಗಳಿಗಿಂತ ಅಕ್ಕಪಕ್ಕದ ಎರಡು ಮೂರು ಬೀದಿಗಳಲ್ಲಿ ಒತ್ತಾಗಿ ಸಿಕ್ಕ ಒಪ್ಪಿಗೆಗಳಿಗೆ ಹೆಚ್ಚು ತೂಕ ಏಕೆ ಎಂಬುದು ಇದರಿಂದ ಗೊತ್ತಾಗುತ್ತದೆ. ಮೊದಲು ಒಂದು ಮೂಲೆಯನ್ನು ಗಟ್ಟಿ ಮಾಡಿಕೊಳ್ಳಿ.

ಇನ್ನು ಅಗೆತದ ಖರ್ಚು. ಇದನ್ನು ಇಳಿಸುವ ಶಕ್ತಿ ಊರಿನವರಿಗೇ ಇದೆ, ಆದರೂ ಹೆಚ್ಚಿನ ಗುಂಪುಗಳು ಇತ್ತ ತಿರುಗಿ ನೋಡುವುದಿಲ್ಲ. ಮುಂದಿನ ವರ್ಷ ಯಾವ ರಸ್ತೆಗೆ ಡಾಂಬರು, ಎಲ್ಲಿ ನೀರಿನ ಕೊಳವೆ, ಎಲ್ಲಿ ಒಳಚರಂಡಿ ಎಂಬ ಪಟ್ಟಿಯನ್ನು ಸ್ಥಳೀಯ ಆಡಳಿತದಿಂದ ಪಡೆಯಿರಿ. ಹೇಗೂ ನೆಲ ಅಗೆಯುವಾಗ ಒಂದು ಖಾಲಿ ಕೊಳವೆಯನ್ನೂ ಹಾಕಿ ಮುಚ್ಚಿ ಎಂದು ಸಭೆಯಲ್ಲಿ ಒತ್ತಾಯಿಸಿ. ವಿದ್ಯುತ್ ಕಂಬಗಳ ಮೇಲೆ ಕೇಬಲ್ ಎಳೆಯಲು ಅನುಮತಿ ಯಾರು ಕೊಡುತ್ತಾರೆ, ಬಾಡಿಗೆ ಎಷ್ಟು ಎಂಬುದನ್ನೂ ನೀವೇ ವಿಚಾರಿಸಿ ಬರೆದುಕೊಳ್ಳಿ. ಮುಂದಿನ ಸಲ ಕಂಪನಿಯ ಮುಂದೆ ಕುಳಿತಾಗ ಬೀದಿವಾರು ಒಪ್ಪಿಗೆಗಳ ಪಟ್ಟಿ, ವೇಗದ ದಾಖಲೆ, ಅನುಮತಿಗಳ ವಿವರ ಮೂರೂ ಒಂದೇ ಕಡತದಲ್ಲಿರಲಿ. ಅದೇ ಕಡತದ ಪ್ರತಿಯನ್ನು ಸಣ್ಣ ಸೇವಾದಾತರಿಗೂ ಕೊಡಿ. ದೊಡ್ಡವರಿಗೆ ಲೆಕ್ಕಕ್ಕೆ ಬಾರದ ಊರು ಸಣ್ಣವರಿಗೆ ಇಡೀ ವರ್ಷದ ಕೆಲಸ.

ಯಾರೂ ಬರದಿದ್ದರೆ? ಆಗಲೂ ದಾರಿ ಇದೆ. ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ 2011ರಲ್ಲಿ ಹಳ್ಳಿಯವರೇ ಷೇರು ಕೊಂಡು ಬ್ರಾಡ್‌ಬ್ಯಾಂಡ್ ಫಾರ್ ದ ರೂರಲ್ ನಾರ್ತ್ ಎಂಬ ಸಂಸ್ಥೆ ಕಟ್ಟಿದರು. ರೈತರು ತಮ್ಮ ಹೊಲದಲ್ಲಿ ಕೇಬಲ್ ಹಾಯಲು ಹಣ ಪಡೆಯದೆ ಒಪ್ಪಿದರು, ಸ್ವಯಂಸೇವಕರು ತಾವೇ ಕಾಲುವೆ ತೋಡಿದರು, ಗಿಗಾಬಿಟ್ ವೇಗ ಹೊಲದಂಚಿನ ಮನೆಗಳಿಗೂ ಬಂತು. ಅಮೆರಿಕದ ಚಟನೂಗದಲ್ಲಿ ನಗರದ ವಿದ್ಯುತ್ ಸಂಸ್ಥೆಯೇ ಫೈಬರ್ ಎಳೆದು 2010ರಲ್ಲಿ ತನ್ನ ವ್ಯಾಪ್ತಿಯ ಎಲ್ಲ ಮನೆಗಳಿಗೂ ಗಿಗಾಬಿಟ್ ಸೇವೆ ತೆರೆಯಿತು. ಇಂಥದ್ದಕ್ಕೆ ಕೈಹಾಕುವ ಮೊದಲು ನಿಮ್ಮಲ್ಲಿನ ಕಾನೂನು ಇದಕ್ಕೆ ಅವಕಾಶ ಕೊಡುತ್ತದೆಯೇ ನೋಡಿ, ಬಂಡವಾಳದ ಜೊತೆಗೆ ಕೇಬಲ್ ತುಂಡಾದ ರಾತ್ರಿ ಯಾರು ಹೋಗಿ ಜೋಡಿಸುತ್ತಾರೆ ಎಂಬುದನ್ನೂ ಗೊತ್ತುಮಾಡಿಕೊಳ್ಳಿ. ಕಟ್ಟುವ ಹುಮ್ಮಸ್ಸಿನಲ್ಲಿ ದುರಸ್ತಿಯ ಮಾತು ಮರೆತುಹೋಗುತ್ತದೆ.

ಕಂಪನಿ ಒಪ್ಪಿಕೊಂಡರೆ ಸಂಭ್ರಮದಲ್ಲಿ ಗುಂಪನ್ನು ಬರಖಾಸ್ತು ಮಾಡಬೇಡಿ. ಮೊದಲ ಹಂತ, ಎರಡನೇ ಹಂತ ಎಂದು ಹೇಳಿ ಮುಖ್ಯರಸ್ತೆ ಮುಗಿಸಿ ಹೊರಟುಹೋಗುವ ಅಭ್ಯಾಸ ಕೆಲವರಿಗಿದೆ. ಕೊನೆಯ ಬೀದಿಗೆ ಯಾವ ತಾರೀಖಿನೊಳಗೆ ಕೇಬಲ್ ತಲುಪಬೇಕು, ತಪ್ಪಿದರೆ ಏನು ಪರಿಹಾರ, ಅಗೆದ ರಸ್ತೆಯನ್ನು ಯಾರು ಎಷ್ಟು ದಿನದಲ್ಲಿ ಸರಿಪಡಿಸಬೇಕು, ಈ ಮೂರನ್ನೂ ಬರವಣಿಗೆಯಲ್ಲಿ ಪಡೆದು ಪ್ರತಿ ಬೀದಿಯ ಹೊಣೆಗಾರರಿಗೂ ಒಂದೊಂದು ಪ್ರತಿ ಕೊಡಿ.