ಬ್ಯಾಕಪ್ ಸಕ್ಸಸ್ ಅಂತ ಮೇಲ್ ಬರತ್ತೆ, ಫೈಲ್ ನೋಡಿದ್ರೆ 20 ಬೈಟ್

ಪ್ರಶ್ನೆ: ಸರ್, ಪೀಣ್ಯದಲ್ಲಿ ನಮ್ದೊಂದು ಸಣ್ಣ ಫ್ಯಾಕ್ಟರಿ. ಬಿಲ್ಲಿಂಗು, ಸ್ಟಾಕು ಎಲ್ಲಾ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿದೆ. ದಿನಾ ರಾತ್ರಿ ಕ್ರಾನ್‌ನಲ್ಲಿ (ಹೇಳಿದ ಟೈಮಿಗೆ ತಾನಾಗೇ ಕೆಲಸ ಓಡ್ಸತ್ತಲ್ಲ, ಅದು) ಡಂಪ್ ತೆಗ್ದು, ಅಂದ್ರೆ ಡೇಟಾ ಎಲ್ಲಾ ಒಂದು ಫೈಲಿಗೆ ಬರ್ಸಿ, ಜಿಜಿಪ್‌ನಲ್ಲಿ ಕುಗ್ಗಿಸೋ ಸ್ಕ್ರಿಪ್ಟ್ ಓಡತ್ತೆ, ಮುಗಿದ ಮೇಲೆ 'ಬ್ಯಾಕಪ್ ಸಕ್ಸಸ್' ಅಂತ ಮೇಲ್ ಬರತ್ತೆ. ಮೊನ್ನೆ ಯಾರೋ ಒಂದು ಟೇಬಲ್ ಡ್ರಾಪ್ ಮಾಡ್ಬಿಟ್ರು, ಬ್ಯಾಕಪ್ ತೆಗೆದು ನೋಡಿದ್ರೆ ಫೈಲ್ ಬರೀ 20 ಬೈಟ್. ಏಳು ದಿನದ ಫೈಲೂ ಹಾಗೇ ಇದೆ, ಅದಕ್ಕಿಂತ ಹಳೇದನ್ನ ಸ್ಕ್ರಿಪ್ಟೇ ಡಿಲೀಟ್ ಮಾಡಿದೆ. ಮೂರು ವಾರದ ಹಿಂದೆ ವೆಂಡರ್ ಬಂದು 8.0ರಿಂದ 8.4ಗೆ ಅಪ್‌ಗ್ರೇಡ್ ಮಾಡಿ ಹೋಗಿದ್ರು. ಸ್ಕ್ರಿಪ್ಟ್ ಜೊತೆಗೆ ಕಳಿಸಿದೀನಿ. ಏನ್ಮಾಡೋದು?

ಉತ್ತರ: ಮೊದಲು ಕಳೆದುಹೋದ ಟೇಬಲ್ ವಿಷಯ ನೋಡೋಣ, ಸ್ಕ್ರಿಪ್ಟ್ ಆಮೇಲೆ ರಿಪೇರಿ ಮಾಡ್ಬಹುದು. ಧೈರ್ಯವಾಗಿರಿ, ಡೇಟಾ ಇನ್ನೂ ಕೈಗೆ ಸಿಗೋ ಚಾನ್ಸ್ ಚೆನ್ನಾಗೇ ಇದೆ. 8.0ರಿಂದ ಈಚೆಗೆ ಮೈಎಸ್‌ಕ್ಯೂಎಲ್‌ನಲ್ಲಿ ಬಿನ್‌ಲಾಗ್ ತಾನಾಗೇ ಆನ್ ಇರತ್ತೆ, ಅಂದ್ರೆ ಡೇಟಾಬೇಸ್‌ನಲ್ಲಿ ಆದ ಪ್ರತಿ ಬದಲಾವಣೆನೂ ಒಂದು ಫೈಲಿಗೆ ಸಾಲಾಗಿ ಬರ್ಕೊಂಡು ಹೋಗ್ತಿರತ್ತೆ, ಯಾರೂ ಸೆಟ್ಟಿಂಗ್ ಮುಟ್ಟಿಲ್ಲ ಅಂದ್ರೆ 30 ದಿನ ಇಟ್ಕೊಂಡಿರತ್ತೆ. ನಿಮ್ಮ ಅಪ್‌ಗ್ರೇಡ್ ಆಗಿ 21 ದಿನ. ಹಾಗಾಗಿ ಈ ಉತ್ತರ ಪೂರ್ತಿ ಓದೋಕೂ ಮೊದಲು ಬಿನ್‌ಲಾಗ್ ಫೈಲ್‌ಗಳನ್ನೆಲ್ಲಾ ಬೇರೆ ಡಿಸ್ಕಿಗೆ ಕಾಪಿ ಮಾಡಿ, ಎಸ್‌ಪಿ ರೋಡಿಗೆ ಹೋಗಿ ಒಂದು ಹೊಸ ಹಾರ್ಡ್‌ಡಿಸ್ಕ್ ತರ್ಬೇಕಾದ್ರೂ ಪರ್ವಾಗಿಲ್ಲ, ಇವತ್ತೇ ಮಾಡಿ. ಆಮೇಲೆ ವೆಂಡರ್‌ಗೆ ಫೋನ್ ಮಾಡಿ, ಅಪ್‌ಗ್ರೇಡ್‌ಗೆ ಮುಂಚೆ ತೆಗೆದ ಡಂಪ್ ಎಲ್ಲಿಟ್ಟಿದೀರ ಅಂತ ಕೇಳಿ. ಮೇಜರ್ ಅಪ್‌ಗ್ರೇಡ್ ಮಾಡೋರು ಒಂದು ಕಾಪಿ ತೆಗ್ದೇ ತೆಗೀತಾರೆ, ಅವರ ಲ್ಯಾಪ್‌ಟಾಪಲ್ಲೋ ಪೆನ್‌ಡ್ರೈವಲ್ಲೋ ಬಿದ್ದಿರತ್ತೆ.

ಅದು ಸಿಕ್ರೆ ಬೇರೆ ಒಂದು ಮಷಿನ್‌ನಲ್ಲಿ ರಿಸ್ಟೋರ್ ಮಾಡಿ. ಓಡ್ತಿರೋ ಸರ್ವರ್ ಮೇಲೆ ಮಾತ್ರ ಬೇಡ. ಸರ್ವರ್ ರೀಸ್ಟಾರ್ಟ್ ಆದಾಗೆಲ್ಲ ಹೊಸ ಬಿನ್‌ಲಾಗ್ ಫೈಲ್ ಶುರುವಾಗತ್ತೆ, ಅಂದ್ರೆ ಬಿಲ್ಲಿಂಗ್ ನಿಲ್ಸಿ ಡಂಪ್ ತೆಗ್ದು ಅಪ್‌ಗ್ರೇಡ್ ಮಾಡಿದ್ರೆ, ಅವತ್ತು ಹೊಸದಾಗಿ ಶುರುವಾದ ಫೈಲೇ ನಿಮಗೆ ಬೇಕಾದ ಗೆರೆ. ಅಲ್ಲಿಂದ ಮುಂದಕ್ಕೆ ಮೈಎಸ್‌ಕ್ಯೂಎಲ್‌ಬಿನ್‌ಲಾಗ್ ಟೂಲ್ ಹಾಕಿ ಪ್ಲೇ ಮಾಡ್ತಾ ಬನ್ನಿ, ಆ ಡ್ರಾಪ್ ಕಮಾಂಡ್ ಯಾವ ಪೊಸಿಷನ್‌ನಲ್ಲಿದೆ ಅಂತ ಮೊದ್ಲೇ ಹುಡುಕಿ ಅದಕ್ಕಿಂತ ಒಂದು ಹೆಜ್ಜೆ ಹಿಂದೆ ನಿಲ್ಸಿ. ಟೇಬಲ್ ಎದ್ದು ಕೂತ್ಕೊಳತ್ತೆ. ಅದೊಂದನ್ನ ಮಾತ್ರ ಡಂಪ್ ಮಾಡಿ ಒರಿಜಿನಲ್ ಸರ್ವರ್‌ಗೆ ಹಾಕಿ.

ಇನ್ನು ಆ 20 ಬೈಟ್. ಈ ಕೆಲಸದಲ್ಲಿ ಇರೋರಿಗೆ ಆ ನಂಬರ್ ನೋಡಿದ ತಕ್ಷಣ ಎದೆ ಧಸಕ್ ಅನ್ನತ್ತೆ. ಜಿಜಿಪ್‌ಗೆ ಏನೂ ಕೊಡದೇ ಇದ್ರೂ ಅದು ಒಂದು ಫೈಲ್ ಮಾಡತ್ತೆ, 10 ಬೈಟ್ ಹೆಡರ್, ಖಾಲಿ ಅಂತ ಹೇಳೋಕೆ 2 ಬೈಟ್, ಕೊನೆಗೆ ಚೆಕ್‌ಸಮ್ಮು ಸೈಜು ಸೇರಿ 8 ಬೈಟ್, ಒಟ್ಟು 20. ಅದನ್ನ ಜಿಜಿಪ್‌ನಲ್ಲೇ ಟೆಸ್ಟ್ ಮಾಡಿದ್ರೂ ಫೈಲ್ ಸರಿ ಇದೆ ಅಂತಲೇ ಹೇಳತ್ತೆ, ಯಾಕಂದ್ರೆ ಖಾಲಿ ಫೈಲಾಗಿ ಅದು ಸರಿಯಾಗೇ ಇದೆ! ಅಂದ್ರೆ ನಿಮ್ಮ ಡಂಪ್ ಬಾಗಿಲಲ್ಲೇ ಬಿದ್ದುಹೋಗಿದೆ, ಒಂದು ಅಕ್ಷರನೂ ಬರ್ದಿಲ್ಲ. ಪೈಪ್ ಹಾಕಿದಾಗ, ಅಂದ್ರೆ ಒಂದು ಕಮಾಂಡ್‌ನ ಔಟ್‌ಪುಟ್ ನೇರ ಇನ್ನೊಂದಕ್ಕೆ ಕೊಟ್ಟಾಗ, ಶೆಲ್ ಕೊನೆಯ ಕಮಾಂಡ್ ಪಾಸಾಯ್ತಾ ಅಂತ ಮಾತ್ರ ನೋಡತ್ತೆ, ಕೊನೆಯದು ಜಿಜಿಪ್, ಅದು ಪಾಸ್, ಹಾಗಾಗಿ ಮೇಲ್‌ನಲ್ಲಿ ಸಕ್ಸಸ್. ಸ್ಕ್ರಿಪ್ಟ್ ಶುರುವಲ್ಲೇ ಬ್ಯಾಶ್‌ನ ಪೈಪ್‌ಫೇಲ್ ಆಪ್ಷನ್ ಆನ್ ಮಾಡಿದ್ರೆ ಮಧ್ಯದಲ್ಲಿ ಯಾರು ಬಿದ್ರೂ ಇಡೀ ಸಾಲು ಫೇಲ್ ಅಂತ ಗೊತ್ತಾಗತ್ತೆ.

ಯಾಕೆ ಬಿತ್ತು ಅನ್ನೋದಕ್ಕೆ ನನ್ನ ಅನುಮಾನ ಲಾಗಿನ್ ಆಗುವಾಗ ಪಾಸ್‌ವರ್ಡ್ ಚೆಕ್ ಮಾಡೋ ಪ್ಲಗಿನ್ ಮೇಲೆ. 8.4ರಲ್ಲಿ ಹಳೇ ನೇಟಿವ್ ಪಾಸ್‌ವರ್ಡ್ ಪ್ಲಗಿನ್ ಡೀಫಾಲ್ಟಾಗಿ ಆಫ್. ವೆಂಡರ್ ಬಿಲ್ಲಿಂಗ್ ಯೂಸರ್‌ನ ಹೊಸ ಪ್ಲಗಿನ್‌ಗೆ ಬದಲಾಯಿಸಿರ್ತಾರೆ, ಇಲ್ದಿದ್ರೆ ಅವತ್ತೇ ಫ್ಯಾಕ್ಟರಿ ನಿಂತು ಗಲಾಟೆ ಆಗ್ತಿತ್ತು, ಆದ್ರೆ ಬ್ಯಾಕಪ್ ಯೂಸರ್ ಯಾರ ಕಣ್ಣಿಗೂ ಬೀಳಲ್ವಲ್ಲ, ಅದು ಹಳೇದರಲ್ಲೇ ಉಳ್ಕೊಂಡಿರತ್ತೆ. ಕ್ರಾನ್ ಯಾವ ಯೂಸರ್ ಹೆಸರಲ್ಲಿ ಓಡತ್ತೋ ಅದೇ ಯೂಸರ್ ಆಗಿ ಲಾಗಿನ್ ಆಗಿ ಡಂಪ್ ಕಮಾಂಡನ್ನ ಕೈಯಲ್ಲೇ ಓಡಿಸಿ, ಎರಡೇ ನಿಮಿಷದಲ್ಲಿ ಎರರ್ ಕಣ್ಣೆದುರಿಗೆ ಬರತ್ತೆ. ಇಷ್ಟು ದಿನ ಯಾಕೆ ಕಾಣಿಸ್ಲಿಲ್ಲ ಅಂದ್ರೆ ನೀವು ಕಳಿಸಿರೋ ಸ್ಕ್ರಿಪ್ಟ್‌ನಲ್ಲಿ ಎರರ್ ಔಟ್‌ಪುಟ್‌ನೆಲ್ಲಾ ಡೆವ್ ನಲ್‌ಗೆ, ಅಂದ್ರೆ ಕಸದ ಬುಟ್ಟಿಗೆ, ತಳ್ಳಿದೀರ. ದಯವಿಟ್ಟು ಅದನ್ನ ತೆಗೀರಿ, ಒಂದು ಲಾಗ್ ಫೈಲಿಗೆ ಬರ್ಸಿ.

ಇನ್ನೊಂದು ಮಾತು, ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಹಳೇ ಬ್ಯಾಕಪ್ ಡಿಲೀಟ್ ಮಾಡೋ ಸಾಲು ಹೊಸ ಬ್ಯಾಕಪ್ ಪಾಸಾದ ಮೇಲೆ ಮಾತ್ರ ಓಡಬೇಕು. ನಿಮ್ಮಲ್ಲಿ ಅದು ತಾರೀಖು ನೋಡಿ ಕಣ್ಮುಚ್ಕೊಂಡು ಅಳಿಸಿದೆ, ಒಳ್ಳೇ ಫೈಲ್ ಒಂದೊಂದಾಗಿ ಹೋಗಿ ಖಾಲಿ ಫೈಲ್ ಏಳೂ ಸಾಲಾಗಿ ಕೂತಿದೆ. ಪಾಸು ಅಂದ್ರೆ ಏನು ಅಂತ ಹೇಗೆ ತಿಳ್ಕೊಳ್ಳೋದು? ಪೂರ್ತಿಯಾದ ಡಂಪ್‌ನ ಕೊನೆ ಸಾಲಲ್ಲಿ 'ಡಂಪ್ ಕಂಪ್ಲೀಟೆಡ್' ಅಂತ ಇಂಗ್ಲಿಷ್‌ನಲ್ಲಿ ಇರತ್ತೆ, ಅದಿದೆಯಾ ನೋಡಿ, ಸೈಜ್ ನಿನ್ನೆಯದಕ್ಕಿಂತ ತುಂಬಾ ಕುಸಿದಿದೆಯಾ ನೋಡಿ, ಎರಡೂ ಸರಿ ಇದ್ರೆ ಮುಂದಿನ ಹೆಜ್ಜೆ.

ಪ್ರಶ್ನೆ: ವೈಟ್‌ಫೀಲ್ಡ್‌ನ ಒಂದು ಸ್ಟಾರ್ಟಪ್‌ನಲ್ಲಿ ಕೆಲಸ ಮಾಡ್ತೀನಿ ಸರ್, ಡಿಬಿಎ (ಡೇಟಾಬೇಸ್ ನೋಡ್ಕೊಳ್ಳೋರು) ಅಂತ ಯಾರೂ ಇಲ್ಲ, ನಾನೇ ನೋಡ್ಕೋಬೇಕು. ಪೋಸ್ಟ್‌ಗ್ರೆಸ್ ಡೇಟಾಬೇಸ್ ಸರ್ವರ್‌ನಲ್ಲಿ ಡಿಸ್ಕ್ 94% ತುಂಬಿದೆ ಅಂತ ಗ್ರಫಾನಾ ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪು ಬಂದಿದೆ. ಪಿಜಿ ವಾಲ್ ಫೋಲ್ಡರೇ ಅರ್ಧ ಡಿಸ್ಕ್ ತಿಂದಿದೆ. ಸೀನಿಯರ್ ಒಬ್ರು ಹಳೇ ಫೈಲ್ ಡಿಲೀಟ್ ಮಾಡು ಅಂತಿದಾರೆ, ಮಾಡ್ಲಾ?

ಉತ್ತರ: ಬೇಡಮ್ಮ, ಕೈ ಹಚ್ಚಬೇಡಿ. ಅದು ಅಳಿಸಬಹುದಾದ ಮಾಮೂಲಿ ಲಾಗ್ ಅಲ್ಲ, ಪ್ರತಿ ಬದಲಾವಣೆನೂ ಮೊದಲು ಬರ್ಕೊಳ್ಳೋ ವಾಲ್ (ರೈಟ್ ಅಹೆಡ್ ಲಾಗ್), ಡೇಟಾಬೇಸ್‌ನ ಜೀವ ಅದ್ರಲ್ಲಿದೆ, ಕ್ರ್ಯಾಶ್ ಆದ್ರೆ ಅದನ್ನ ಓದ್ಕೊಂಡೇ ಸರ್ವರ್ ಮತ್ತೆ ಮೇಲೇಳೋದು. ಮೊದಲು ಆ ಫೋಲ್ಡರ್ ಹೆಸರು ಪಿಜಿ ಎಕ್ಸ್‌ಲಾಗ್ ಅಂತಿತ್ತು, ಲಾಗ್ ತಾನೇ ಅಂತ ಜನ ಅಳಿಸಿ ಅಳಿಸಿ ಡೇಟಾಬೇಸ್ ಕಳ್ಕೊಳ್ತಿದ್ರು, ಅದಕ್ಕೇ 2017ರಲ್ಲಿ ಬಂದ 10ನೇ ವರ್ಷನ್‌ನಲ್ಲಿ ಹೆಸರೇ ಬದಲಾಯಿಸಿದ್ರು.

ಆ ಫೈಲ್‌ಗಳು, ಸಾಮಾನ್ಯವಾಗಿ ಒಂದೊಂದು 16 ಎಂಬಿ, ತಾವಾಗೇ ಹೋಗ್ದೇ ಕೂತಿವೆ ಅಂದ್ರೆ ಯಾರೋ ಹಿಡ್ಕೊಂಡಿದಾರೆ ಅಂತ ಅರ್ಥ. ಹೆಚ್ಚಾಗಿ ಇಬ್ಬರಲ್ಲಿ ಒಬ್ಬರು. ಒಂದು, ಆರ್ಕೈವ್ ಕಮಾಂಡ್ ಫೇಲ್ ಆಗ್ತಿರೋದು, ಬ್ಯಾಕಪ್ ಜಾಗಕ್ಕೆ ಕಾಪಿ ಆಗೋವರೆಗೂ ಪೋಸ್ಟ್‌ಗ್ರೆಸ್ ಫೈಲ್ ಬಿಡಲ್ಲ, ಪಿಜಿ ಸ್ಟ್ಯಾಟ್ ಆರ್ಕೈವರ್ ಅನ್ನೋ ವ್ಯೂ ತೆಗ್ದು ಫೇಲ್ಡ್ ಕೌಂಟ್ ಏರ್ತಿದೆಯಾ ನೋಡಿ. ಎರಡು, ಯಾವತ್ತೋ ಮಾಡಿಟ್ಟ ರೆಪ್ಲಿಕೇಷನ್ ಸ್ಲಾಟು (ಡೇಟಾಬೇಸ್‌ನ ನಕಲು ಇಟ್ಕೊಳ್ಳೋ ಇನ್ನೊಂದು ಮಷಿನ್‌ಗೆ, ಅಂದ್ರೆ ರೆಪ್ಲಿಕಾಗೆ, ವಾಲ್ ಫೈಲ್ ಎತ್ತಿಡೋ ಏರ್ಪಾಡು), ಆ ರೆಪ್ಲಿಕಾ ಮಷಿನ್ ತೆಗ್ದು ತಿಂಗಳುಗಳಾಗಿರತ್ತೆ ಆದ್ರೆ ಸ್ಲಾಟ್ ಮಾತ್ರ ಅದು ಬಂದೇ ಬರತ್ತೆ ಅಂತ ಎಲ್ಲಾ ಎತ್ತಿಟ್ಕೊಂಡು ಕಾಯ್ತಿರತ್ತೆ. ಸ್ಲಾಟ್‌ಗಳ ವ್ಯೂನಲ್ಲಿ ಆ್ಯಕ್ಟಿವ್ ಕಾಲಂ ಫಾಲ್ಸ್ ಇದ್ದು, ಆ ರೆಪ್ಲಿಕಾ ಇನ್ನು ಬರಲ್ಲ ಅಂತ ಖಾತ್ರಿ ಇದ್ರೆ ಸ್ಲಾಟ್ ಡ್ರಾಪ್ ಮಾಡಿ, ಒಂದು ಚೆಕ್‌ಪಾಯಿಂಟ್ ಕಮಾಂಡ್ ಕೊಡಿ, ಜಾಗ ಇಳಿಯತ್ತೆ. 13ನೇ ವರ್ಷನ್ ಅಥವಾ ಮೇಲಿದ್ರೆ ಸ್ಲಾಟ್ ಎಷ್ಟು ವಾಲ್ ಹಿಡ್ಕೋಬಹುದು ಅನ್ನೋ ಮಿತಿ ಹಾಕೋ ಸೆಟ್ಟಿಂಗ್ ಇದೆ, ಡೀಫಾಲ್ಟ್‌ನಲ್ಲಿ ಮಿತಿನೇ ಇಲ್ಲ, ಅದನ್ನೂ ಹಾಕಿ.

ಸೀನಿಯರ್‌ಗೆ ಇದನ್ನ ಹೇಳೋಕೆ ಸಂಕೋಚ ಆದ್ರೆ ಈ ಉತ್ತರ ತೋರ್ಸಿ.

ಪ್ರಶ್ನೆ: ಸರ್ವರ್‌ಗಳ ಮೇಲೆ ಕಣ್ಣಿಡೋ ನಮ್ಮ ಝಾಬಿಕ್ಸ್ ದಿನಾ ಬೆಳಗ್ಗೆ 6ಕ್ಕೆ 'ಬ್ಯಾಕಪ್ ಬಂದಿಲ್ಲ' ಅಂತ ಅಲರ್ಟ್ ಕೊಡತ್ತೆ, 10 ಗಂಟೆಗೆ ಆಫೀಸಿಗೆ ಬಂದು ನೋಡಿದ್ರೆ ಫೈಲ್ ಇರತ್ತೆ. ರಾತ್ರಿ 2 ಗಂಟೆಗೆ ಶೆಡ್ಯೂಲ್ ಮಾಡಿದೀವಿ. ಸುಳ್ಳು ಅಲರ್ಟ್ ಅಂತ ಮ್ಯೂಟ್ ಮಾಡಿದೀವಿ. ಯಾಕೆ ಹೀಗೆ?

ಉತ್ತರ: ಕ್ಲೌಡ್ ಸರ್ವರ್ ಅಲ್ವಾ? ಅದರ ಗಡಿಯಾರ ಸಾಮಾನ್ಯವಾಗಿ ಯುಟಿಸಿ, ಅಂದ್ರೆ ನಮಗಿಂತ ಐದೂವರೆ ಗಂಟೆ ಹಿಂದಿರೋ ಅಂತರರಾಷ್ಟ್ರೀಯ ಸಮಯದಲ್ಲಿರತ್ತೆ. ಅಲ್ಲಿ 2 ಗಂಟೆ ಅಂದ್ರೆ ನಮ್ಮ ಬೆಂಗಳೂರಲ್ಲಿ ಬೆಳಗ್ಗೆ ಏಳೂವರೆ. ರಾತ್ರಿ ಎರಡಕ್ಕೇ ಬೇಕು ಅಂದ್ರೆ ಯುಟಿಸಿ 20:30 ಅಂತ ಹಾಕಿ. ಅಲರ್ಟ್ ಸುಳ್ಳು ಅಂತ ಮ್ಯೂಟ್ ಮಾಡಿದೀರ ಅಂತಲೂ ಬರ್ದಿದೀರ, ಅದನ್ನ ಮೊದಲು ಅನ್‌ಮ್ಯೂಟ್ ಮಾಡಿ.

ಅಲರ್ಟ್ ತಲುಪದೇ ಇದ್ರೆ ಏನಾಗತ್ತೆ ಅನ್ನೋದಕ್ಕೆ ಪ್ರೋಗ್ರಾಂ ಕೋಡ್ ಇಡೋ ತಾಣ ಗಿಟ್‌ಲ್ಯಾಬ್‌ನ ಕತೆ ನೋಡಿ, ಅವ್ರೇ ಬಹಿರಂಗವಾಗಿ ಬರ್ಕೊಂಡಿದಾರೆ. 2017ರ ಜನವರಿ 31ರಂದು ಒಬ್ಬ ಎಂಜಿನಿಯರ್ ತಪ್ಪಿ ಮೇನ್ ಸರ್ವರ್‌ನ ಡೇಟಾ ಅಳಿಸಿಬಿಟ್ರು. ಬ್ಯಾಕಪ್ ಹುಡುಕಿದ್ರೆ ಜಾಗ ಖಾಲಿ, ಯಾಕಂದ್ರೆ ಪೋಸ್ಟ್‌ಗ್ರೆಸ್ 9.6 ಡೇಟಾಬೇಸ್ ಮೇಲೆ 9.2ರ ಪಿಜಿ ಡಂಪ್ ಓಡಿ ದಿನಾ ಫೇಲ್ ಆಗ್ತಿತ್ತು, ಫೇಲ್ ಆಯ್ತು ಅನ್ನೋ ಮೇಲ್‌ಗಳು ಸಹಿ ಸರಿ ಇಲ್ಲ ಅಂತ ಮೇಲ್ ಸರ್ವರ್‌ನಲ್ಲೇ ವಾಪಸ್ ಆಗ್ತಿದ್ವು. ಕೊನೆಗೆ ಕೈ ಹಿಡಿದಿದ್ದು ಸುಮಾರು 6 ಗಂಟೆ ಮುಂಚೆ ಬೇರೆ ಕೆಲಸಕ್ಕೆ ತೆಗೆದ ಒಂದು ಸ್ನ್ಯಾಪ್‌ಶಾಟ್. ಅದಕ್ಕೇ ಹೇಳೋದು, ಫೇಲ್ ಮೇಲ್ ಬರ್ಲಿ ಅಂತ ಕಾಯ್ಬೇಡಿ, ಬ್ಯಾಕಪ್ ಪಾಸಾದಾಗ ಒಂದು ಟೈಮ್‌ಸ್ಟ್ಯಾಂಪ್ ಕಳ್ಸೋ ಹಾಗೆ ಮಾಡಿ, 26 ಗಂಟೆ ಅದು ಬರ್ಲಿಲ್ಲ ಅಂದ್ರೆ ಝಾಬಿಕ್ಸ್ ಕೂಗ್ಲಿ. ಅದರ 'ನೋ ಡೇಟಾ' ಫಂಕ್ಷನ್ ಇರೋದೇ ಇದಕ್ಕೆ.

ಪ್ರಶ್ನೆ: ಬ್ಯಾಕಪ್ ಟೆಸ್ಟ್ ಎಷ್ಟು ದಿನಕ್ಕೊಂದ್ಸಲ ಮಾಡ್ಬೇಕು?

ಉತ್ತರ: ತಿಂಗಳಿಗೊಂದ್ಸಲ ಆದ್ರೂ ಮಾಡಿ, ಪೂರ್ತಿ ರಿಸ್ಟೋರ್. ನಾನು ಈ ಕೆಲಸಕ್ಕೆ ಹೊಸಬನಾಗಿದ್ದಾಗ ನಗರದ ಒಂದು ನರ್ಸಿಂಗ್ ಹೋಂನಲ್ಲಿ ಹಾರ್ಡ್‌ಡಿಸ್ಕ್ ಸತ್ತುಹೋಯ್ತು. ಬ್ಯಾಕಪ್ ಇತ್ತು, ರಿಸ್ಟೋರೂ ಆಯ್ತು, ಆದ್ರೆ ಲ್ಯಾಬ್ ರಿಪೋರ್ಟ್‌ಗಳ ಡೇಟಾಬೇಸ್ ಅದ್ರಲ್ಲಿ ಇರ್ಲೇ ಇಲ್ಲ. ಸ್ಕ್ರಿಪ್ಟ್‌ನಲ್ಲಿ ಡೇಟಾಬೇಸ್ ಹೆಸರುಗಳನ್ನ ಒಂದೊಂದಾಗಿ ಬರ್ದಿದ್ರು, ಲ್ಯಾಬ್ ಸಾಫ್ಟ್‌ವೇರ್ ಆಮೇಲೆ ಬಂದಿದ್ದು, ಲಿಸ್ಟಿಗೆ ಯಾರೂ ಸೇರಿಸಿರ್ಲಿಲ್ಲ. ರಿಸೆಪ್ಷನ್‌ನಲ್ಲಿದ್ದ ಹುಡುಗಿ ವಾರಗಟ್ಟಲೆ ಕೆಂಪು ಬೈಂಡಿನ ರಿಜಿಸ್ಟರ್ ಪಕ್ಕದಲ್ಲಿ ಇಟ್ಕೊಂಡು, ಸ್ಕೇಲ್ ಸಾಲಿನ ಕೆಳಗೆ ಒತ್ತಿ ಹಿಡಿದು, ಒಂದೊಂದೇ ಶುಗರ್ ರೀಡಿಂಗ್ ಟೈಪ್ ಮಾಡ್ತಿದ್ಲು. ಅದು ಈಗ್ಲೂ ನನ್ನ ಕಣ್ಮುಂದೆ ಇದೆ.

ಹಾಗಾಗಿ ರಿಸ್ಟೋರ್ ಮುಗೀತು ಅಂತ ಬಿಡಬೇಡಿ. ಒರಿಜಿನಲ್‌ನಲ್ಲಿ ಎಷ್ಟು ಡೇಟಾಬೇಸ್ ಇದೆ ಇಲ್ಲಿ ಎಷ್ಟಿದೆ ಎಣಿಸಿ, ದೊಡ್ಡ ನಾಲ್ಕೈದು ಟೇಬಲ್‌ನ ಸಾಲು ಎಣಿಸಿ, ನಿನ್ನೆಯ ಕೊನೇ ಬಿಲ್ ನಂಬರ್ ಸಿಗತ್ತಾ ನೋಡಿ. ಜೊತೆಗೆ ಶುರುವಿಂದ ಕೊನೆವರೆಗೂ ಎಷ್ಟು ಹೊತ್ತು ಹಿಡೀತು ಅಂತ ಒಂದು ಚೀಟಿಲಿ ಬರ್ದು ಸರ್ವರ್ ರೂಮ್ ಬಾಗಿಲಿಗೆ ಅಂಟಿಸಿ, ಸರ್ವರ್ ಬಿದ್ದ ದಿನ ಓನರ್ ಮೊದಲು ಕೇಳೋದು ಅದನ್ನೇ.