ಥರ್ಮಾಕೋಲ್ ಬಿಡಿ, ಮೀಟರ್ ನೋಡಿ

ಪ್ರಶ್ನೆ: ನಮ್ಮದು ಸರ್ಕಾರಿ ಪ್ರೌಢಶಾಲೆ. ವಿಜ್ಞಾನ ವಸ್ತುಪ್ರದರ್ಶನ ಅಂದರೆ ಸಾಕು, ಮಕ್ಕಳು ಥರ್ಮಾಕೋಲ್ ಗಾಳಿಯಂತ್ರ ಮಾಡಿಕೊಂಡು ಬರುತ್ತಾರೆ. ವಿದ್ಯುತ್ತು, ಹವಾಮಾನ ಬದಲಾವಣೆ ಬಗ್ಗೆ ಕೈಯಾರೆ ಮಾಡುವಂಥದ್ದು ಹೇಳಿ. ಬಾಟಲಿಗೆ ವಿನೆಗರ್, ಅಡುಗೆ ಸೋಡಾ ಹಾಕಿ ಬಿಸಿಲಲ್ಲಿಡುವ ಪ್ರಯೋಗ ಯೂಟ್ಯೂಬಲ್ಲಿ ನೋಡಿದೆ, ಮಾಡಿಸಬಹುದಾ?
– ವಿಜ್ಞಾನ ಶಿಕ್ಷಕಿ, ಚಿತ್ರದುರ್ಗ ಜಿಲ್ಲೆ

ಉತ್ತರ: ನಿಮ್ಮ ಕಡೆ ಗುಡ್ಡದ ಮೇಲೆ ನಿಜವಾದ ಗಾಳಿಯಂತ್ರಗಳೇ ತಿರುಗುತ್ತಿವೆ, ಥರ್ಮಾಕೋಲಿಂದು ಯಾಕೆ ಬೇಕು ಅಲ್ವಾ?

ಬಾಟಲಿ ಪ್ರಯೋಗ ಬೇಡ ಮೇಡಂ. ವಿನೆಗರ್, ಸೋಡಾ ಸೇರಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಆ ಅನಿಲ ಶಾಖ ಹೀರಿ ಭೂಮಿಯನ್ನು ಬಿಸಿ ಮಾಡುವುದು ಹೀಗೇ ಅಂತ ತೋರಿಸಲು ಅದನ್ನು ಮಾಡುತ್ತಾರೆ. ಬರೀ ಗಾಳಿ ಇರುವ ಬಾಟಲಿಗಿಂತ ಆ ಬಾಟಲಿ ಹೆಚ್ಚು ಬಿಸಿಯಾಗುತ್ತದೆ, ನಿಜ. ಆದರೆ ಅಷ್ಟು ಚಿಕ್ಕ ಜಾಗದಲ್ಲಿ ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುವ ಶಾಖ ತೀರಾ ಕಡಿಮೆ. ಆ ಅನಿಲ ಗಾಳಿಗಿಂತ ಭಾರ, ಸುಲಭವಾಗಿ ಮೇಲೆ ಕೆಳಗೆ ಓಡಾಡುವುದಿಲ್ಲ, ಹಾಗಾಗಿ ಶಾಖ ಅಲ್ಲೇ ಉಳಿಯುತ್ತದೆ. ಉತ್ತರ ಸರಿ ಬಂತು, ಕಾರಣ ಮಾತ್ರ ಬೇರೆ. ಜಾಣ ಹುಡುಗಿಯೊಬ್ಬಳು ಕೇಳಿಬಿಟ್ಟರೆ ಕಷ್ಟ.

ಅದರ ಬದಲು ಕರೆಂಟ್ ಮೀಟರ್ ಹಿಡಿಯಿರಿ. ಗೃಹಜ್ಯೋತಿ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಬಿಲ್ಲು ಸೊನ್ನೆ, ಮೀಟರ್ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಒಂದು ಪುಟ್ಟ ಕೆಂಪು ದೀಪ ಮಿಣುಕುತ್ತಿರುತ್ತದೆ. ಪಕ್ಕದಲ್ಲೇ 3200 ಅಥವಾ 1600 ಅಂತ ಬರೆದಿರುತ್ತದೆ, ಅಂದರೆ ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್. ಫ್ರಿಜ್ಜು ಸೇರಿ ಎಲ್ಲ ಆಫ್ ಮಾಡಿ, ಒಂದೇ ಒಂದನ್ನು ಹಾಕಿ, ಒಂದು ಮಿಣುಕಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಸೆಕೆಂಡು ಅಂತ ಮಕ್ಕಳು ಎಣಿಸಲಿ. 3200ರ ಮೀಟರಾದರೆ 1125ನ್ನು ಆ ಸೆಕೆಂಡಿನಿಂದ ಭಾಗಿಸಿದರೆ ವ್ಯಾಟ್ ಸಿಕ್ಕಿತು, 1600 ಆದರೆ 2250ನ್ನು. 3200ರ ಮೀಟರಿನಲ್ಲಿ 60 ವ್ಯಾಟಿನ ಹಳೇ ಬುರುಡೆ ಬಲ್ಬಿಗೆ 19 ಸೆಕೆಂಡಿಗೊಮ್ಮೆ ಮಿಣುಕುತ್ತದೆ. 9 ವ್ಯಾಟಿನ ಎಲ್‌ಇಡಿಗೆ ಎರಡು ನಿಮಿಷ ಕಾಯಬೇಕು, ಮಕ್ಕಳು ಮೀಟರೇ ಕೆಟ್ಟಿದೆ ಅಂತಾರೆ ನೋಡಿ! ಇಸ್ತ್ರಿ ಪೆಟ್ಟಿಗೆ ಹಾಕಿದರೆ ಎಣಿಸೋಕೇ ಬಿಡುವುದಿಲ್ಲ. ರಿಮೋಟಲ್ಲಿ ಆಫ್ ಮಾಡಿದ ಟಿವಿ, ಸೆಟ್ ಟಾಪ್ ಬಾಕ್ಸ್ ಕೂಡ ಪರೀಕ್ಷಿಸಲಿ, ಸುಮ್ನೆ ಕೂತಿರುವ ಡಬ್ಬಿ ಕರೆಂಟ್ ತಿನ್ನುವುದು ಅಲ್ಲಿ ಗೊತ್ತಾಗುತ್ತದೆ.

ಹವಾಮಾನದ ಲೆಕ್ಕ ಆಮೇಲೆ. ನಮ್ಮ ದೇಶದ ವಿದ್ಯುತ್ತಿನಲ್ಲಿ ಇನ್ನೂ ಕಲ್ಲಿದ್ದಲಿನದೇ ದೊಡ್ಡ ಪಾಲು, ಸರಾಸರಿ ಯೂನಿಟ್ಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್. ದಿನಕ್ಕೆ 5 ಗಂಟೆ ಉರಿಯುವ ಆ ಬುರುಡೆ ಬಲ್ಬ್ ತೆಗೆದು ಎಲ್‌ಇಡಿ ಹಾಕಿದರೆ ತಿಂಗಳಿಗೆ ಏಳೂವರೆ ಯೂನಿಟ್ ಉಳಿತಾಯ, 5 ಕೆಜಿಗಿಂತ ಸ್ವಲ್ಪ ಜಾಸ್ತಿ ಅನಿಲ. ತೂಕದಲ್ಲಿ ಹೇಳಿದರೆ ಮಕ್ಕಳಿಗೆ ತಲೆಗೆ ಹೋಗುವುದಿಲ್ಲ. ಅಷ್ಟು ಅನಿಲ ತುಂಬಿಡಲು ತಾರಸಿ ಮೇಲಿನ ಸಾವಿರ ಲೀಟರಿನ ನೀರಿನ ಟ್ಯಾಂಕ್ ಮೂರು ಬೇಕು ಅಂತ ಹೇಳಿ.

ಒಂದು ಎಚ್ಚರಿಕೆ: ಮೀಟರ್ ಬೋರ್ಡ್ ಯಾರೂ ಮುಟ್ಟಬಾರದು. ಎತ್ತರದಲ್ಲಿದ್ದರೆ ಕೆಳಗಿನಿಂದಲೇ ಮೊಬೈಲಲ್ಲಿ ವಿಡಿಯೊ ತೆಗೆದುಕೊಂಡು ನಿಧಾನವಾಗಿ ಎಣಿಸಲಿ.